ಮುಚ್ಚಿದೆ ಎಂದಿದ್ದ ನಲ್ಲಿ

"ಕೂತ್ಕೊಳ್ಳಿ!"

"ಯಾರು... ನಾನಾ?"

"ಮತ್ತೆ, ನಿಮ್ಮ ಟೂಲ್ ಬ್ಯಾಗಾ? ನಿಮ್ಮ ಶೆಡ್‌ನವರು ಹಾಕಿದ ಹೀಟರ್ ಸರಿಯಾಗಿದೆ ಅಂತ ಫೋನಲ್ಲಿ ಹೇಳೋದು ಸುಲಭ ಕಣ್ರೀ. ತಲೆ ಕೊಟ್ಟು ನೋಡಿ, ಗೊತ್ತಾಗುತ್ತೆ!"

ಕ್ಯಾರವಾನಿನ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಕುರ್ಚಿ ನೋಡಿದ. ಹಿಂದಕ್ಕೆ ವಾಲಿದ ಕುರ್ಚಿ, ತಲೆ ಇಡುವ ಕಡೆ ಬಿಳಿ ಬೇಸಿನ್. ಹೆಂಗಸರ ತಲೆ ತೊಳೆಯುವ ಜಾಗ. ಅವನು ಬೂಟು ಬಿಚ್ಚಿ ಕೂತ.

ನೀರು ಹಿತವಾಗಿ ಬೆಚ್ಚಗೆ ಶುರುವಾಯಿತು. ಏನೂ ತೊಂದರೆ ಇಲ್ಲವಲ್ಲ ಎಂದು ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೊರೆಯುವ ತಣ್ಣೀರು! ಅವಳು ನಲ್ಲಿ ಇನ್ನಷ್ಟು ತಿರುಗಿಸಿದಳು. ಈಗ ಚುರುಕ್ಕೆನ್ನುವ ಬಿಸಿ!

"ಅಯ್ಯೋ!"

"ಹಾಂ! ಇದನ್ನೇ ಒಂದು ವಾರದಿಂದ ಕೇಳ್ತಿದೀನಿ. ಇಲ್ಲಿ ಕೂತವರೆಲ್ಲ ಅಯ್ಯೋ ಅಂತಾನೇ ಏಳ್ತಾರೆ!"

ಇವಳೇ ನಮ್ಮ ನಾಯಕಿ. ಮನೆಯವರು ಕರೆಯುವುದು ಕತ್ತರಿ ಅಂತ. ಕೈಯಲ್ಲಿ ಹಿಡಿದದ್ದೂ ಅದೇ, ಬಾಯಲ್ಲಿ ಇರುವುದೂ ಅದೇ ಎಂದು ಅತ್ತಿಗೆ ರೇಗಿಸುತ್ತಿದ್ದಳು.

ಒಂಬತ್ತು ವರ್ಷ ಕತ್ತರಿ ಅಣ್ಣನ ಪಾರ್ಲರ್‌ನಲ್ಲಿ ದುಡಿದಿದ್ದಳು. ಬಂದವರು ಕೇಳುತ್ತಿದ್ದದ್ದು ಇವಳನ್ನು, ಬೋರ್ಡಿನ ಮೇಲೆ ಇದ್ದದ್ದು ಅಣ್ಣನ ಹೆಸರು. ಒಂದು ದಿನ "ನನ್ನ ಹೆಸರೂ ಹಾಕಿಸು" ಎಂದಳು. ಅಣ್ಣ ನಕ್ಕುಬಿಟ್ಟ. ಅವನು ಕೋಪಿಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ.

ಹಳೆಯ ಕ್ಯಾರವಾನ್ ಒಂದನ್ನು, ಎಳೆದೊಯ್ಯುವ ಮನೆಗಾಡಿಯನ್ನು, ಕೊಂಡಳು. ಒಳಗಿನ ಮಂಚ ಕಿತ್ತು ಕುರ್ಚಿ, ಬೇಸಿನ್ನು, ಕನ್ನಡಿ ಹಾಕಿಸಿದಳು. ಪಂಪು, ಹೀಟರ್ ಎಲ್ಲ ಕೂಡಿಸಿಕೊಟ್ಟದ್ದು ಈ ಮೆಕ್ಯಾನಿಕ್‌ನ ಶೆಡ್ಡಿನವರು.

"ತಿಂಗಳು ತುಂಬೋದರೊಳಗೆ ಬಾಲ ಮುದುರಿಕೊಂಡು ವಾಪಸ್ ಬರ್ತೀಯ" ಎಂದಿದ್ದ ಅಣ್ಣ.

"ಅಷ್ಟರಲ್ಲಿ ಖಾಯಂ ಜಾಗ ಸಿಗದಿದ್ರೆ ಬರ್ತೀನಿ, ಬಾಯಿ ಮುಚ್ಕೊಂಡು ನಿನ್ನ ಬೋರ್ಡಿನ ಕೆಳಗೆ ಕೆಲಸ ಮಾಡ್ತೀನಿ. ಸಿಕ್ಕಿದ್ರೆ ನನ್ನ ಕೆಲಸದ ಸುದ್ದಿಗೆ ನೀನು ಬರಬಾರದು!"

ಜಾಗ ಸಿಗುವ ಹಾಗೂ ಇತ್ತು. ಮೂಳೆ ಆಸ್ಪತ್ರೆಯ ಅಂಗಳ! ಕೈಗೆ, ಕತ್ತಿಗೆ ಪಟ್ಟಿ ಹಾಕಿಸಿಕೊಂಡ ಹೆಂಗಸರು ವಾರಗಟ್ಟಲೆ ತಲೆ ತೊಳೆದುಕೊಳ್ಳಲಾಗದೆ ಒದ್ದಾಡುತ್ತಿದ್ದರು. ಹೆಡ್ ಸಿಸ್ಟರ್ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. "ಶನಿವಾರ ಬಂದು ನೋಡ್ತೀನಿ. ನೀರು ಒಂದೇ ಸಮ ಇರಬೇಕು. ಕತ್ತಿಗೆ ಪಟ್ಟಿ ಹಾಕಿದವರು ನಿನ್ನ ಕುರ್ಚೀಲಿ ಬೆಚ್ಚಿಬಿದ್ದರೆ ಏನು ಗತಿ?"

ಶನಿವಾರಕ್ಕೆ ಇನ್ನು ನಾಲ್ಕು ದಿನ. ತಿಂಗಳು ತುಂಬುವುದೂ ಅವತ್ತೇ.

ಮೆಕ್ಯಾನಿಕ್ ತಲೆ ಒರೆಸಿಕೊಂಡು ಕೆಲಸಕ್ಕೆ ಕೂತ. ಪಂಪಿನ ಜಾಲರಿ ಬಿಚ್ಚಿ ತೊಳೆದ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದ. ಹೀಟರಿನ ಜ್ವಾಲೆಯನ್ನು ಬಗ್ಗಿ ಬಗ್ಗಿ ನೋಡಿದ. ಒಂದೊಂದು ನಟ್ಟಿಗೂ ಅವನಿಗೆ ಒಂದು ಯುಗ ಬೇಕಾಗುತ್ತಿತ್ತು. ಅವನ ಶೆಡ್ಡಿನ ಹುಡುಗರು ಬೆನ್ನ ಹಿಂದೆ ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ!

"ಹೊರಗಡೆ ಎಲ್ಲಾದರೂ ನಲ್ಲಿ ಇದೆಯಾ?" ಎಂದು ಕೇಳಿದ.

"ಹಿಂದಿನ ಗೋಡೇಲಿ ಪುಟ್ಟ ಶವರ್ ಇದೆ, ಟವೆಲ್ ಒಗೆಯೋಕೆ. ಮುಚ್ಚಿದೆ."

"ಸರಿ" ಎಂದು ಅವನು ಮತ್ತೆ ಹೀಟರಿನ ಕಡೆ ತಿರುಗಿದ.

ಮರುದಿನವೂ ಬಂದ. ಪಂಪಿನ ಒತ್ತಡದ ಸ್ವಿಚ್ ಬದಲಾಯಿಸಿದ. ಕೆಲಸ ಮುಗಿದ ಮೇಲೆ ತಾನಾಗಿ ಹೋಗಿ ಕುರ್ಚಿಯಲ್ಲಿ ಒರಗಿದ. "ಹೂಂ, ಪರೀಕ್ಷೆ ಮಾಡಿ."

ಬೆರಳು ಅವನ ಕೂದಲಲ್ಲಿ ಆಡುತ್ತಿದ್ದಾಗ ಕತ್ತರಿಯ ಎದೆ ಯಾಕೋ ಡವಗುಟ್ಟಿತು. 'ಏನಾಗಿದೆ ನಿನಗೆ? ಸಾವಿರ ತಲೆ ತೊಳೆದವಳು ನೀನು!' ಎಂದು ತನ್ನನ್ನೇ ಗದರಿಸಿಕೊಂಡಳು.

"ಇಷ್ಟೊಂದು ಹಟ ಯಾಕೆ ನಿಮಗೆ?" ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಹಟ ಅಲ್ಲ. ನನ್ನ ಕೆಲಸ ನನ್ನದು ಅಂತ ಒಬ್ಬರಾದರೂ ಒಪ್ಪಬೇಕು, ಅಷ್ಟೇ."

"ನಾನು ಒಪ್ಪಿದೆ."

ನೀರು ಮತ್ತೆ ತಣ್ಣಗಾಯಿತು. ಈ ಸಲ ಇಬ್ಬರೂ ನಕ್ಕರು. ನಕ್ಕದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆದರೂ ಆ ರಾತ್ರಿ ಅದನ್ನೇ ನೆನೆದುಕೊಂಡು ಮಲಗಿದಳು.

ಗುರುವಾರ ಅವನು ಬರಲಿಲ್ಲ.

ಬಂದದ್ದು ಅಣ್ಣ! ಬೈಕಿನಿಂದ ಇಳಿಯದೆ ಕಿಟಕಿಯಿಂದಲೇ ಹೇಳಿದ, "ನಿನ್ನ ಮೆಕ್ಯಾನಿಕ್ ಹತ್ರ ಮಾತಾಡಿದೀನಿ ಕತ್ತರಿ. ಅವನನ್ನ ಕಾಯ್ತಾ ಕೂರಬೇಡ. ಶನಿವಾರ ಸಂಜೆ ಬಂದು ಗಾಡಿ ಎಳೆಸಿಕೊಂಡು ಹೋಗ್ತೀನಿ."

ಅವಳು ಅಣ್ಣನ ಬೈಕು ಹೋದತ್ತಲೇ ನೋಡಿದಳು. ಮಾತಾಡಿದ್ದಾನಂತೆ... ಏನು ಮಾತಾಡಿದ? ಅದಕ್ಕೇ ಬರಲಿಲ್ಲವೇ? ಎರಡು ದಿನದಿಂದ ಬಿಚ್ಚಿದ್ದನ್ನೇ ಬಿಚ್ಚಿ ಕೂಡಿಸುತ್ತಿದ್ದದ್ದು ಕಾಲ ತಳ್ಳೋದಕ್ಕಾ? 'ನಾನು ಒಪ್ಪಿದೆ' ಅಂದದ್ದೂ ನಾಟಕವಾ?

ಸಂಜೆ ಮೆಕ್ಯಾನಿಕ್ ಧೂಳು ಮೆತ್ತಿಕೊಂಡು ಬಂದಾಗ ಅವನು ಬಿಟ್ಟುಹೋಗಿದ್ದ ಟೂಲ್ ಬ್ಯಾಗು ಮೆಟ್ಟಿಲ ಕೆಳಗೆ ಬಿದ್ದಿತ್ತು.

"ನಮ್ಮಣ್ಣ ನಿಮ್ಮ ಶೆಡ್ಡಿಗೆ ಬಂದಿದ್ದನಾ, ಇಲ್ವಾ?"

"ಬಂದಿದ್ದರು. ಆದರೆ..."

"ಸಾಕು! ಅವನ ಮಾತು ಕೇಳ್ಕೊಂಡು ನನ್ನ ಗಾಡಿ ಹಾಳು ಮಾಡೋಕೆ ಬಂದ್ರಾ? ಒಂದು ತಿಳ್ಕೊಳ್ಳಿ. ನೀರು ಕಾಯದಿದ್ರೆ ಪಾತ್ರೇಲಿ ಕಾಯಿಸಿ ಸುರೀತೀನಿ, ಆದರೆ ನಿಮ್ಮಿಬ್ಬರ ಮುಂದೆ ತಲೆ ಬಗ್ಗಿಸಲ್ಲ. ಹೋಗಿ!"

ಅವನ ಮುಖ ಬಿಳಿಚಿಕೊಂಡಿತು. ಬ್ಯಾಗು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತ.

"ಬೈದುಕೊಳ್ಳಿ. ಆದರೆ ಇದೊಂದು ಮಾಡಿ. ಹೀಟರಿಗೆ ತಣ್ಣೀರು ಹೋಗೋ ವಾಲ್ವ್ ಮುಚ್ಚಿ, ಆಮೇಲೆ ಬರೀ ಬಿಸಿನೀರಿನ ನಲ್ಲಿ ಬಿಡಿ. ನೀರು ನಿಂತರೆ ತಪ್ಪು ನನ್ನ ಹೀಟರಿಂದು. ನಿಲ್ಲದೆ ಬರ್ತಾನೇ ಇದ್ದರೆ, ಎಲ್ಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ತಿದೆ. ಆ ಜಾಗ ಹುಡುಕಿ."

ಅವಳು ಬಾಗಿಲು ದಢಾರನೆ ಹಾಕಿಕೊಂಡಳು. ಹಾಕಿಕೊಂಡು ಅತ್ತಳು. ಯಾರಿಗೂ ಕೇಳಿಸದಂತೆ ಟವೆಲ್ಲಿನಲ್ಲಿ ಮುಖ ಹುದುಗಿಸಿ ಅತ್ತಳು.

ಶುಕ್ರವಾರ ಇಡೀ ದಿನ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದೆಂದು ಹಲ್ಲು ಕಚ್ಚಿ ಕೂತಳು. ಪಾತ್ರೆಯಲ್ಲಿ ನೀರು ಕಾಯಿಸಿ ನೋಡಿದಳು. ಎರಡು ತಲೆಗೇ ಸಾಕುಬೇಕಾಯಿತು. ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು, "ಅವನಿಗಾಗಿ ಅಲ್ಲ, ನನಗಾಗಿ!" ಎಂದು ಗೊಣಗುತ್ತಾ ವಾಲ್ವ್ ಮುಚ್ಚಿದಳು. ಬಿಸಿನೀರಿನ ನಲ್ಲಿ ತಿರುಗಿಸಿದಳು.

ನೀರು ಬಂತು.

ಒಂದು ನಿಮಿಷ. ಎರಡು ನಿಮಿಷ. ನಿಲ್ಲುವ ಲಕ್ಷಣವೇ ಇಲ್ಲ!

ಹೀಟರಿಗೆ ನೀರೇ ಹೋಗುತ್ತಿಲ್ಲ, ಹಾಗಾದರೆ ಇದೆಲ್ಲಿಂದ? ಅವಳು ಪೈಪಿನ ಮೇಲೆ ಅಂಗೈ ಇಟ್ಟು ಬಗ್ಗಿ ಸಾಗಿದಳು. ಬೇಸಿನ್ನಿನ ಕೆಳಗೆ ತಣ್ಣಗೆ. ಕಪಾಟಿನ ಹಿಂದೆ ಇನ್ನೂ ತಣ್ಣಗೆ. ಪೈಪು ಹಿಂದಿನ ಗೋಡೆಯೊಳಗೆ ಮಾಯವಾಯಿತು. ಹೊರಗೆ ಓಡಿ, ಟವೆಲ್ ಒಣಗಿಸುವ ಸ್ಟ್ಯಾಂಡ್ ಸರಿಸಿ, ಪುಟ್ಟ ಶವರ್‌ನ ಮುಚ್ಚಳ ತೆಗೆದಳು.

ಬಿಸಿನೀರಿನ ನಲ್ಲಿಯೂ ಬಿಟ್ಟಿತ್ತು. ತಣ್ಣೀರಿನ ನಲ್ಲಿಯೂ ಬಿಟ್ಟಿತ್ತು. ಮುಚ್ಚಿದ್ದದ್ದು ಶವರ್ ಹಿಡಿಯ ಗುಂಡಿ ಮಾತ್ರ.

ಕತ್ತರಿ ನಾಲಿಗೆ ಕಚ್ಚಿಕೊಂಡಳು. ಪಾರ್ಲರಿನ ಅಭ್ಯಾಸ! ನೀರಿನ ಹದ ಒಮ್ಮೆ ಕೂತ ಮೇಲೆ ಎರಡು ನಲ್ಲಿಯನ್ನೂ ಮುಟ್ಟಬಾರದು, ಹಿಡಿಯ ಗುಂಡಿ ಒತ್ತಿ ನಿಲ್ಲಿಸಬೇಕು. ಅಣ್ಣ ಕಲಿಸಿದ ಮೊದಲ ಪಾಠ ಅದು, ಒಂಬತ್ತು ವರ್ಷ ಅವಳು ಹಾಗೇ ಮಾಡಿದ್ದಳು. ಅಣ್ಣನ ಕಟ್ಟಡದಲ್ಲಿ ನೀರು ಹಿಂದಕ್ಕೆ ನುಗ್ಗದಂತೆ ತಡೆ ಇತ್ತು, ನಡೆಯಿತು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಪಂಪು ಒತ್ತಿದಾಗಲೆಲ್ಲ ತಣ್ಣೀರು ಹಿಡಿಯ ಹಿಂದಿನಿಂದ ದಾಟಿ ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು.

ಎರಡೂ ನಲ್ಲಿ ಬಿಗಿದಳು. ಒಳಗೆ ಬಂದು ವಾಲ್ವ್ ತೆರೆದು, ಬೇಸಿನ್ನಿನಲ್ಲಿ ಕೈಯೊಡ್ಡಿ ಹತ್ತು ನಿಮಿಷ ನಿಂತಳು. ನೀರು ಒಂದೇ ಸಮ ಬೆಚ್ಚಗೆ. ಕುಣಿಯಬೇಕಾದ ಹೊತ್ತಿನಲ್ಲಿ ಅವನ ಬಿಳಿಚಿದ ಮುಖ ನೆನಪಾಯಿತು.

ಹತ್ತು ಗಂಟೆಗೆ ಹೆಡ್ ಸಿಸ್ಟರ್ ಬಂದರು, ಭುಜಕ್ಕೆ ಪಟ್ಟಿ ಹಾಕಿದ ಹೆಂಗಸೊಬ್ಬರನ್ನು ಗಾಲಿಕುರ್ಚಿಯಲ್ಲಿ ಕರೆತಂದು. ಮಜಾ ನೋಡಲು ಅಣ್ಣನೂ ಬೇಗನೇ ಬಂದು ಬಾಗಿಲಿಗೆ ಒರಗಿ ನಿಂತ. ಕತ್ತರಿ ಯಾರ ಕಡೆಯೂ ನೋಡಲಿಲ್ಲ. ತೊಳೆದಳು, ನೊರೆ ಬರಿಸಿದಳು, ಮತ್ತೆ ತೊಳೆದಳು. ಅರ್ಧ ದಾರಿಯಲ್ಲಿ ಆ ಹೆಂಗಸು ಸಣ್ಣಗೆ ಗೊರಕೆ ಹೊಡೆಯತೊಡಗಿದರು!

"ಸೋಮವಾರದಿಂದ ಅಂಗಳದಲ್ಲಿ ಗಾಡಿ ನಿಲ್ಲಿಸಮ್ಮ" ಎಂದರು ಸಿಸ್ಟರ್.

ಅವರು ಹೋದ ಮೇಲೆ ಅಣ್ಣ ಮುಖ ಊದಿಸಿಕೊಂಡು ಹೇಳಿದ, "ಆ ಮೆಕ್ಯಾನಿಕ್‌ಗೆ ಎಷ್ಟು ಹೇಳಿದೆ, ಇದು ರಿಪೇರಿ ಆಗಲ್ಲ ಅಂದು ಕೈ ತೊಳ್ಕೊ ಅಂತ. ನನಗೇ ಬಾಗಿಲು ತೋರಿಸಿದ. 'ನಿಮ್ಮ ತಂಗಿ ನಿಮಗಿಂತ ಒಳ್ಳೆ ಕೆಲಸಗಾರ್ತಿ' ಅಂದ! ಅವತ್ತೇ ನಿನ್ನ ಹೀಟರಿನ ವಿಷಯ ಕೇಳ್ಕೊಂಡು ಬರೋಕೆ ಪಕ್ಕದೂರಿಗೆ, ಅವನಿಗೆ ಕೆಲಸ ಕಲಿಸಿದ ಗುರು ಹತ್ರ ಓಡಿದ."

"ಅದನ್ನ ಗುರುವಾರ ಹೇಳೋಕೆ ನಿನಗೆ ಬಾಯಿ ಇರಲಿಲ್ವಾ ಅಣ್ಣಾ?"

ಉತ್ತರಕ್ಕೆ ಕಾಯದೆ ಅವಳು ಶೆಡ್ಡಿನ ದಾರಿ ಹಿಡಿದಳು.

ಶೆಡ್ಡಿನಲ್ಲಿ ಅವನು ಯಾವುದೋ ಗಾಡಿಯ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಕೆಲಸದವರೆಲ್ಲ ಕೈ ನಿಲ್ಲಿಸಿ ಅವಳನ್ನೇ ನೋಡಿದರು. ನೋಡಲಿ! ಬೈದದ್ದು ಜೋರಾಗಿ, ತಪ್ಪೊಪ್ಪಿಕೊಳ್ಳುವುದು ಪಿಸುಮಾತಿನಲ್ಲಾ?

"ತಪ್ಪು ನಂದು! ಹೊರಗಿನ ಎರಡು ನಲ್ಲೀನೂ ಬಿಟ್ಟಿತ್ತು. ಮುಚ್ಚಿದೆ ಅಂದವಳೂ ನಾನೇ, ನಿಮ್ಮ ಬ್ಯಾಗು ಎಸೆದವಳೂ ನಾನೇ. ಕ್ಷಮಿಸಿ!"

ಅವನು ಮೆಲ್ಲಗೆ ಹೊರಗೆ ಜಾರಿ ಎದ್ದು ನಿಂತ. ಕೆನ್ನೆಯ ಮೇಲೆ ಗ್ರೀಸು.

"ಆಸ್ಪತ್ರೆ ಅಂಗಳದಲ್ಲಿ ಜಾಗ ಸಿಕ್ತಾ?"

"ಸಿಕ್ತು." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಅಷ್ಟು ಬೈದ್ರೂ ಮೊದಲು ಅದನ್ನೇ ಕೇಳ್ತೀರಲ್ಲ..."

"ತಪ್ಪು ನಿಮ್ಮೊಬ್ಬರದೇ ಅಲ್ಲ" ಅವನು ಕೈಯಲ್ಲಿದ್ದ ಬಟ್ಟೆಯನ್ನು ತಿರುಚುತ್ತಾ ಹೇಳಿದ. "ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಯಾರು ಏನೇ ಹೇಳಲಿ, ಪ್ರತಿ ನಲ್ಲೀನೂ ಕೈಯಾರೆ ತಿರುಗಿಸಿ ನೋಡ್ದೆ ಬಿಟ್ಟವನಲ್ಲ. ನಿಮ್ಮ ಗಾಡೀಲಿ ಮಾತ್ರ ನೋಡಲಿಲ್ಲ."

"ಯಾಕೆ?"

"ನಿಮ್ಮನ್ನ ನೋಡ್ತಾ ಇದ್ದೆ."

ಶೆಡ್ಡಿನಲ್ಲಿ ಯಾರೋ ಕೆಮ್ಮಿದರು. ಕತ್ತರಿಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಮೊದಲೇ ಹೇಳ್ತೀನಿ. ನನ್ನ ಗಾಡಿ ನನ್ನದೇ. ಮದುವೆ ಆದ ಮೇಲೆ ಕೆಲಸ ಬಿಡು ಅಂದ್ರೆ, ಗಾಡೀನೂ ಎಳ್ಕೊಂಡು ಹೋಗ್ತೀನಿ, ನಿನ್ನೂ ಬಿಟ್ಟು ಹೋಗ್ತೀನಿ."

ಮದುವೆ! ನಿನ್ನೂ! ಎರಡೂ ಮಾತು ತನ್ನ ಬಾಯಿಂದಲೇ ಹಾರಿದ್ದು ಅವಳಿಗೆ ಆಮೇಲೆ ತಿಳಿಯಿತು. ವಾಪಸ್ ತೆಗೆದುಕೊಳ್ಳುವವಳು ಅವಳಲ್ಲ. ಗಲ್ಲ ಎತ್ತಿ ಅವನನ್ನೇ ನೋಡಿದಳು.

"ಬಿಡು ಅನ್ನಲ್ಲ" ಎಂದ ಅವನು. ಅವನ ಕಣ್ಣಲ್ಲೂ ನೀರಿತ್ತು. "ನಿಮ್ಮಣ್ಣ ಒಪ್ಪದಿದ್ರೆ?"

"ಅವನನ್ನ ಕೇಳೋಕೆ ಹೋಗ್ತಿಲ್ಲ. ಹೇಳೋಕೆ ಹೋಗ್ತಿದೀವಿ. ನಡಿ."

"ಈಗಲೇ?"

"ಈಗಲೇ."

"ಒಂದು ನಿಮಿಷ... ಮುಖ ತೊಳ್ಕೊಂಡು, ಅಂಗಿ ಬದಲಾಯಿಸ್ಕೊಂಡು ಬರ್ಲಾ?"

ಅವಳು ಸೆರಗಿನ ತುದಿಯಿಂದ ಅವನ ಕೆನ್ನೆಯ ಗ್ರೀಸನ್ನು ಒರೆಸಿದಳು. ಅದು ಇನ್ನಷ್ಟು ಹರಡಿತು.

"ಬೇಡ" ಎಂದಳು. "ಹೀಗೇ ಬಾ."