ಉಸಿರುಗಳ್ಳನ ಗುಡ್ಡಕ್ಕೆ ಹೋದ ಡಬಡಬ ಸೈಕಲ್ಲು

ನದಿಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಆಗ ಮಿಂಚನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಮಾಯಾವಿಗಳೂ ಇದ್ದರು, ಸೈಕಲ್ಲುಗಳೂ ಇದ್ದವು. ಅದು ಹೇಗೆ ಅಂತ ನನ್ನನ್ನು ಕೇಳಬೇಡಿ. ಇದ್ದವು, ಅಷ್ಟೇ.

ಆ ರಾಜ್ಯದ ಕಮ್ಮಾರಗೇರಿಯಲ್ಲಿ ನೀಲವ್ವ ಅನ್ನುವ ಹುಡುಗಿ ಸೈಕಲ್ ರಿಪೇರಿ ಮಾಡುತ್ತಿದ್ದಳು. ಅವಳ ಅಣ್ಣ ಮೌನಪ್ಪ ರಾಜನ ಓಲೆ ಒಯ್ಯುವ ಕುದುರೆ ಸವಾರ. ಒಂದು ದಿನ ಅವನು ಉಸಿರುಗಳ್ಳನ ಗುಡ್ಡದ ದಾರಿ ಹಿಡಿದ. ಉಸಿರುಗಳ್ಳ ಅಂದರೆ ಗುಡ್ಡದ ತುದಿಯಲ್ಲಿ ಕೂತ ಮಾಯಾವಿ. ನಡೆದು ಹೋಗುವವರ ತಂಟೆಗೆ ಅವನು ಬರುತ್ತಿರಲಿಲ್ಲ. ಸವಾರಿಯ ಪ್ರಾಣಿ ಕಂಡರೆ ಮಾತ್ರ ಸುರ್ ಅಂತ ಅದರ ಉಸಿರು ಎಳೆದು ನುಂಗುತ್ತಿದ್ದ. ಬೆನ್ನ ಮೇಲಿದ್ದವರ ಉಸಿರೂ ಅದರ ಜೊತೆ ಹೋಗುತ್ತಿತ್ತು.

ಮರ ಕಡಿಯುವವರು ಮೌನಪ್ಪನನ್ನು ಹೊತ್ತು ತಂದರು. ಮೈ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಇಂಥವರನ್ನು ಐದನೆಯ ದಿನ ಸೂರ್ಯ ಮುಳುಗುವಾಗ ಸುಡಬೇಕು ಅನ್ನುವುದು ಆ ನಾಡಿನ ಕಟ್ಟಳೆ. ಹೊತ್ತು ತರುವಷ್ಟರಲ್ಲೇ ಎರಡು ದಿನ ಹೋಗಿತ್ತು. ನಡೆದರೆ ಗುಡ್ಡಕ್ಕೆ ಹೋಗಿ ಬರಲು ನಾಲ್ಕು ದಿನ. ಉಳಿದದ್ದು ಮೂರೇ.

"ಜೀವ ಇಲ್ಲದ ಕುದುರೆ ಬೇಕು, ದೊರೆಯೇ," ಅಂದಳು ನೀಲವ್ವ ರಾಜನ ಮುಂದೆ ನಿಂತು. "ಅಣ್ಣನ ಉಸಿರು ಬಿಡಿಸಿ ತರಬೇಕು, ಬರೀ ತುಳಿದರೆ ಸೈಕಲ್ಲು ಆ ಗುಡ್ಡ ಹತ್ತದು. ನಿಮ್ಮ ತೋಟದ ಬಾವಿಯಿಂದ ನೀರೆತ್ತುತ್ತಲ್ಲ, ಆ ಪುಟ್ಟ ಎಂಜಿನ್ ಕೊಡಿ."

ರಾಜ ಕಣ್ಣು ಕಣ್ಣು ಬಿಟ್ಟ. ಆದರೂ ಕೊಟ್ಟ, ಪುಣ್ಯಾತ್ಮ.

ಎರಡು ದಿನ ಅವಳು ಅನ್ನ ನೀರು ಮರೆತಳು. ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಎಂಜಿನ್ ಬಿಗಿದಳು. ಅದರಿಂದ ಹಿಂದಿನ ಚಕ್ರಕ್ಕೆ ಇನ್ನೊಂದು ಚೈನು ಎಳೆದಳು. ಕಂಬಿಯ ಮೇಲೆ ತಂಬಿಗೆಯಷ್ಟು ಟ್ಯಾಂಕು ಕೂರಿಸಿ ಪೆಟ್ರೋಲು ತುಂಬಿದಳು. ಐದನೆಯ ದಿನ ಬೆಳಿಗ್ಗೆ ಪೆಡಲ್ ತುಳಿದು ಕ್ಲಚ್ ಬಿಟ್ಟಳು ನೋಡಿ, ಡಬಡಬಡಬ! ಕೇರಿಯ ಜನ ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ ಬಾವಿಗೇ ಹಾರಿದ, ಪಾಪ.

ಮೊದಲು ಸಿಕ್ಕಿದ್ದು ಎರಡು ತಲೆಯ ಹುಲಿ. ದಾರಿಗೆ ಅಡ್ಡ ನಿಂತಿತ್ತು.

"ಇದ್ಯಾವ ಪ್ರಾಣಿಯೋ?" ಅಂದಿತು ಒಂದು ತಲೆ.

"ಅಯ್ಯಯ್ಯೋ, ಹೊಟ್ಟೆಯೊಳಗೆ ಗುಡುಗು ಇಟ್ಟುಕೊಂಡಿದೆ!" ಅಂದಿತು ಇನ್ನೊಂದು.

ಒಂದು ತಲೆ ಎಡಕ್ಕೆ ಓಡು ಅಂದಿತು, ಇನ್ನೊಂದು ಬಲಕ್ಕೆ ಅಂದಿತು. ಹುಲಿ ಅಲ್ಲೇ ಗಿರಗಿರ ಸುತ್ತಿ ಬಿತ್ತು. ನೀಲವ್ವ ಪಕ್ಕದಲ್ಲೇ ಹಾದುಹೋದಳು.

ಎರಡನೆಯದು ನುಂಗುವ ಏರು. ಅಲ್ಲಿ ನಿಂತವರನ್ನು ಮಣ್ಣೇ ನುಂಗುತ್ತದೆ. ಅರ್ಧ ಏರಿದ್ದಳು, ಎಂಜಿನ್ ಗುಟುಗುಟು ಅಂದು ನಿಂತೇಹೋಯಿತು! ಚಕ್ರಗಳು ಮಣ್ಣಿಗೆ ಇಳಿಯತೊಡಗಿದವು. ಪೆಟ್ರೋಲಿನ ಪೈಪು ಕಿತ್ತು ಊದಿದರೆ, ಹೊರಬಂದದ್ದೇನು? ನೀರು. ನೀರಿನ ಹಿಂದೆ ಒಂದು ತುಳಸಿ ಎಲೆ!

"ಅಯ್ಯೋ ನನ್ನವ್ವಾ! ಇದಕ್ಕೂ ತೀರ್ಥ ಕುಡಿಸಿದೆಯಾ?"

ಮಿಂಚನಾಡಿನಲ್ಲಿ ದೂರ ಹೊರಡುವ ಕುದುರೆಗೆ ತೀರ್ಥ ಕುಡಿಸಿಯೇ ಕಳಿಸುವುದು. ಅವ್ವ ಟ್ಯಾಂಕಿನ ಮುಚ್ಚಳವೇ ಬಾಯಿ ಅಂದುಕೊಂಡು ಸುರಿದಿದ್ದಳು. ಒಬ್ಬ ಮಗ ಹೋದ ಸಂಕಟದಲ್ಲಿ ಮಗಳಾದರೂ ಉಳಿಯಲಿ ಅಂತ ಆ ತಾಯಿ ಮಾಡಿದ ಕೆಲಸ, ಬೈಯುವುದಾದರೂ ಹೇಗೆ?

ನೀರು ಪೂರ್ತಿ ಹೊರಬಿಟ್ಟು ಪೈಪು ಸಿಕ್ಕಿಸುವಾಗ ಚಕ್ರ ಅರ್ಧ ಮುಳುಗಿತ್ತು. ನೀಲವ್ವ ಎದ್ದುನಿಂತು, ಹಲ್ಲು ಕಚ್ಚಿ ಪೆಡಲ್ ತುಳಿದಳು. ಒಂದು ಸುತ್ತು, ಎರಡು ಸುತ್ತು, ಮೂರನೆಯದಕ್ಕೆ ಡಬ್ ಅಂದಿತು. ಸೈಕಲ್ಲು ಮಣ್ಣು ಕಿತ್ತುಕೊಂಡು ಮೇಲೆ ಹಾರಿತು.

ಮೂರನೆಯವನು ಉಸಿರುಗಳ್ಳನೇ. ಬಂಡೆಯಷ್ಟು ಹೊಟ್ಟೆ, ಅದರೊಳಗೆ ನೂರು ಕುದುರೆಗಳ ಕೆನೆತ.

"ನನ್ನ ಅಣ್ಣನ ಉಸಿರು ಕೊಡು!" ಅಂತ ನೀಲವ್ವ ನಟ್ಟು ಬಿಗಿಯುವ ಪಾನಾ ಎತ್ತಿ ಹಿಡಿದಳು. ಅವನ ಕಾಲು ಹಿಡಿಯುವುದೋ ತಲೆ ಒಡೆಯುವುದೋ ಅವಳಿಗೇ ಗೊತ್ತಿರಲಿಲ್ಲ.

ಅವನು ಅವಳ ಕಡೆ ನೋಡಲೂ ಇಲ್ಲ. "ಆಹಾ, ಎಂಥಾ ಬಿಸಿ ಉಸಿರು ಈ ಪ್ರಾಣಿಯದು!" ಅನ್ನುತ್ತ ಬಂದು ಎಂಜಿನ್ನಿನ ಹೊಗೆ ಕೊಳವೆಗೇ ಬಾಯಿ ಹಚ್ಚಿ ಸುರ್ ಅಂತ ಎಳೆದ!

ನೀಲವ್ವ ಬಾಯಿ ತೆರೆದು ನಿಂತಳು. ಆದರೂ ಕೈ ಮರೆಯಲಿಲ್ಲ, ಎಕ್ಸಲರೇಟರ್ ಪೂರ್ತಿ ತಿರುಗಿಸಿದಳು.

ಅವನು ಕೆಮ್ಮಿದ. ಕೆಮ್ಮಿದ. ಗುಡ್ಡ ನಡುಗುವಂತೆ ಕೆಮ್ಮಿದ. ಕದ್ದ ಉಸಿರೆಲ್ಲ ಗಾಳಿಯಾಗಿ ಹೊರಬಿತ್ತು. ಅವನ ಸ್ವಂತ ಉಸಿರು ಎಂದೋ ಮುಗಿದಿತ್ತು ಅಂತ ಕಾಣುತ್ತದೆ. ಕೊನೆಗೆ ಬಂಡೆಯ ಮೇಲೆ ಅವನ ಬಟ್ಟೆ ಮಾತ್ರ ಬಿದ್ದಿತ್ತು.

ಆ ಗಾಳಿಯಲ್ಲಿ ಅಣ್ಣನ ಉಸಿರು ಇತ್ತೋ ಇಲ್ಲವೋ? ಅವಳು ಸೈಕಲ್ಲು ತಿರುಗಿಸಿದಳು. ಊರು ಕಾಣುವಾಗ ಸೂರ್ಯ ಇನ್ನೂ ಗೇಣುದ್ದ ಮೇಲಿದ್ದ. ಆದರೆ ಸುಡುಗಾಡಿನಿಂದ ಹೊಗೆ ಏಳುತ್ತಿತ್ತು!

"ಅಣ್ಣಾ!" ಅಂತ ಚೀರುತ್ತ ನುಗ್ಗಿದಳು. ಅಲ್ಲಿ ಊರಿನವರು ಯಾರೂ ಇಲ್ಲ. ಚಪ್ಪಲಿಗಳು ಚೆಲ್ಲಾಪಿಲ್ಲಿ. ಯಾರೋ ಬಿಸಾಕಿ ಓಡಿದ ಕೊಳ್ಳಿಯಿಂದ ಹುಲ್ಲು ಹೊಗೆಯಾಡುತ್ತಿತ್ತು. ಸೌದೆಯ ಮೇಲೆ ಹೂವಿನ ಹಾರದ ಸಮೇತ ಮೌನಪ್ಪ ಎದ್ದು ಕೂತಿದ್ದ. ಚಿತೆಯ ಪಕ್ಕ ಅವ್ವ ಒಬ್ಬಳೇ ಅವನ ಕಾಲಿನ ಹಗ್ಗ ಬಿಚ್ಚುತ್ತಿದ್ದಳು.

"ಏ ನೀಲಾ, ಊರಿನವರೆಲ್ಲ ಯಾಕೆ ಓಡಿದರೇ?" ಅಂದ ಅವನು.

ನೀಲವ್ವ ಮೊದಲು ಅವನ ಬೆನ್ನಿಗೊಂದು ಗುದ್ದಿದಳು, ಆಮೇಲೆ ಅವನ ಎದೆಗೆ ಕಿವಿ ಹಚ್ಚಿ ಗೊಳೋ ಅಂತ ಅತ್ತಳು. ಅಲ್ಲಿಂದ ಮುಂದೆ ಮಿಂಚನಾಡಿನವರು ನೆಮ್ಮದಿಯಾಗಿ ಉಸಿರಾಡಿಕೊಂಡು ಬಹಳ ಕಾಲ ಬಾಳಿದರು.