ಉಬ್ಬರಾಯನ ಆಲೂಗಡ್ಡೆ

ಬಲು ಹಿಂದೆ, ಬೆಟ್ಟಗಳ ಆಚೆ ಗಡ್ಡೆನಾಡು ಎಂಬ ರಾಜ್ಯವಿತ್ತು. ಅಲ್ಲಿಗೆ ಉಬ್ಬರಾಯನೆಂಬ ಮಾಂತ್ರಿಕ ಬಂದು ಹೊಲಗಳಿಗೆಲ್ಲ ಮಾಯಾನೀರು ಚಿಮುಕಿಸಿದ. ಬೆಳಗ್ಗೆ ಬಿತ್ತಿದ ಆಲೂಗಡ್ಡೆ ಸಂಜೆಗೆ ಕುಂಬಳಕಾಯಿ ಗಾತ್ರ! ಜನ ಹಿಗ್ಗಿದರು. ಆದರೆ ಗಡ್ಡೆಯ ಸತ್ವವನ್ನೆಲ್ಲ ಆ ಪಾಪಿಯೇ ಹೀರಿಕೊಂಡು ಕೊಬ್ಬುತ್ತಿದ್ದ. ಜನ ಹೊಟ್ಟೆ ಬಿರಿಯ ಉಂಡರು, ಉಂಡುಂಡೇ ಸೊರಗಿದರು.

ಆ ನಾಡಿನ ಕೆಂಚವ್ವ ಎಂಬವಳಿಗೆ ಇದ್ದವಳು ಒಬ್ಬಳೇ ತಂಗಿ. ಹೆಸರಿಗೆ ದುಂಡಿ, ನೋಡಿದರೆ ಎಲುಬಿನ ಹಂದರ.

"ಅಕ್ಕಾ, ತಟ್ಟೆ ತುಂಬ ಉಂಡೆ. ಆದರೂ ಏಳೋಕೆ ಆಗಲ್ಲವಲ್ಲೇ" ಎಂದಳು.

ಕೆಂಚವ್ವ ಊರೆಲ್ಲ ವಿಚಾರಿಸಿದಳು. ಮಾಯಾನೀರು ಸೋಕದ, ನೇರಳೆ ಬಣ್ಣದ ಆಲೂಗಡ್ಡೆಯ ಹಳೆಯ ತಳಿ ಬೆಟ್ಟದ ಮೇಲೆ ಉಳಿದಿದೆಯಂತೆ ಎಂದು ಕೇಳಿ ಓಡಿದಳು. ಅಲ್ಲಿ ಮಾತನಾಡುವ ಮುಳ್ಳುಹಂದಿಯೊಂದು ಕಾವಲಿತ್ತು. ಅದು ಒಂದು ಹಿಡಿ ಬೀಜದ ಗಡ್ಡೆ ಕೊಟ್ಟು, "ಮೊಳಕೆ ಬಂದಿದೆ, ತಿನ್ನಿಸಬೇಡ, ನಂಜಾದೀತು. ಬಿತ್ತು" ಎಂದಿತು.

ಅವಳು ಅದರಲ್ಲಿ ಅರ್ಧವನ್ನು ತನ್ನ ಹೊಲದಲ್ಲೇ ಬಿತ್ತಿದಳು. ಸಂಜೆಗೆ ದಪ್ಪ ನೇರಳೆ ಗಡ್ಡೆ, ಒಳಗೆ ಬರೀ ನೀರು. ದುಂಡಿ ತಿಂದಳು, ಏಳಲಿಲ್ಲ.

ಮಣ್ಣಿನದೇ ದೋಷ ಎಂದುಕೊಂಡು ಉಬ್ಬರಾಯನ ಗಡ್ಡೆಯನ್ನು ಬೆಟ್ಟದಲ್ಲಿ ನೆಟ್ಟಳು. ಒಂದಿಡೀ ಬೆಳೆಗಾಲ ಕಾದಳು. ಅದೂ ಸಪ್ಪೆ. ದುಂಡಿ ತಿಂದಳು, ಏಳಲಿಲ್ಲ.

"ತಳಿಯೊಂದೇ ಸಾಲದು ಮಗಳೇ, ಮಣ್ಣೊಂದೇ ಸಾಲದು" ಎಂದಿತು ಮುಳ್ಳುಹಂದಿ. "ಒಳ್ಳೆಯ ತಳಿ, ಒಳ್ಳೆಯ ಮಣ್ಣು, ತಂಪು ಹವೆ, ಅದರದ್ದೇ ಆದ ಕಾಲ, ಎಲ್ಲ ಕೂಡಬೇಕು."

"ಕಾಲವೇ ಇಲ್ಲವಲ್ಲೋ ಮುಳ್ಳಣ್ಣಾ ನನ್ನ ಹತ್ತಿರ!" ಎಂದು ಅವಳು ಗೊಳೋ ಎಂದು ಅತ್ತಳು.

ಆದರೂ ಉಳಿದ ನೇರಳೆ ಬೀಜವನ್ನು ಬೆಟ್ಟದಲ್ಲಿ ಬಿತ್ತಿದಳು. ದುಂಡಿ ದಿನವೂ ಕೇಳುವಳು: "ಅಕ್ಕಾ, ಗಿಡ ಒಣಗಿತಾ? ಅಗೆಯಬಹುದಾ?"

"ಇನ್ನೂ ಹಸಿರು ಕಣೇ. ತಡಕೋ, ನನ್ನ ಬಂಗಾರ."

ಉಬ್ಬರಾಯ ಬಂದು ನಕ್ಕ. "ಒಂದು ತೊಟ್ಟು ನೀರು ಹಾಕಲೇನೇ? ಇವತ್ತೇ ಬೆಳೆದುಬಿಡುತ್ತೆ."

ಕೆಂಚವ್ವನ ಮನಸ್ಸು ಹೊಯ್ದಾಡಿತು. ಕಣ್ಣು ಮುಚ್ಚಿ, "ಬೇಡ, ನಡಿ" ಎಂದಳು.

ಕೊನೆಗೂ ಗಿಡ ಒಣಗಿತು. ಮುಷ್ಟಿಗಾತ್ರದ ಗಟ್ಟಿ ಗಡ್ಡೆಗಳನ್ನು ಮಡಿಲಿಗೆ ತುಂಬಿಕೊಂಡು ಎದ್ದೆನೋ ಬಿದ್ದೆನೋ ಎಂದು ಇಳಿದಳು. ದುಂಡಿಯ ಕೈ ತಣ್ಣಗಾಗಿತ್ತು. ಅಯ್ಯೋ, ಒಂದು ತುತ್ತಾದರೂ ತಿನ್ನಬಾರದಿತ್ತೇ ಆ ಕೂಸು!

ಆ ಗಡ್ಡೆಯನ್ನು ಕೆಂಚವ್ವ ಕೇರಿಯ ಮಕ್ಕಳಿಗೆ ಬೇಯಿಸಿ ಹಾಕಿದಳು, ಮಿಕ್ಕದ್ದನ್ನು ಬೀಜಕ್ಕೆ ಹಂಚಿದಳು. ಮಕ್ಕಳು ಎದ್ದು ಓಡಾಡಿದರು. ಊರವರೆಲ್ಲ ಬೆಟ್ಟದಲ್ಲೇ ಬಿತ್ತಿದರು. ಹೀರಲು ಏನೂ ಸಿಗದೆ ಉಬ್ಬರಾಯ ಸುಕ್ಕಿ, ಮುದುಡಿ, ಮಣ್ಣಾಗಿ ಹೋದ. ಮಾಯೆ ಕಳೆದು ಹೊಲಗಳೂ ಮೊದಲಿನಂತಾದವು.

ನಾಡಿನ ಜನರೆಲ್ಲ ಸುಖವಾಗಿದ್ದರು. ಕೆಂಚವ್ವನೂ ಉಂಡಳು, ಮೈ ತುಂಬಿಕೊಂಡಳು, ಬಹಳ ಕಾಲ ಬದುಕಿದಳು. ಅವಳೂ ಸುಖವಾಗಿದ್ದಳು ಎಂದು ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ.