ತಿದ್ದಿದ ಫ್ಲಾಪಿ

ನೂರು ವರ್ಷದ ಪಿಯಾನೊ. ಕೀಗಳ ಕೆಳಗಿನ ಹಲಗೆಗೆ ಗರಗಸ ಇಡಲು ರಿಪೇರಿಯವನ ಕೈ ಹಿಂದೆಮುಂದೆ ನೋಡಿತು.

"ಕೊಯ್ಯೋ ಮುಂಚೆ ಅದನ್ನ ಒಂದು ಮಾತು ಕೇಳಿದ್ರಾ?" ಎಂದಳು ಪಿಯಾನೊ ಕಲಿಸುವ ಟೀಚರ್, ಕಿಟಕಿ ಪಕ್ಕದ ಕುರ್ಚಿಯಿಂದ.

"ಕೇಳ್ದೆ. ಬಿಗುಮಾನ ಜಾಸ್ತಿ, ಬಾಯಿ ಬಿಡ್ಲಿಲ್ಲ. ಯಜಮಾನಿ ಥರಾನೇ."

ಅವಳು ನಕ್ಕಳು. ನಗುತ್ತಲೇ ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡದ್ದು ಅವನ ಕಣ್ಣಿಗೆ ಬಿತ್ತು. ನರದ ಕಾಯಿಲೆ. ಮೊದಲು ಎಡಗೈ ಸ್ವಾಧೀನ ತಪ್ಪುತ್ತದೆ, ಆಮೇಲೆ ಬಲಗೈ ಎಂದಿದ್ದರು ಡಾಕ್ಟರು. ಅದಕ್ಕೇ ಅವಳು ಮುಚ್ಚಿಹೋದ ಹೋಟೆಲೊಂದರಿಂದ, ಪಿಯಾನೊದೊಳಗೆ ಕೂರಿಸಲು ಒಂದು ಹಳೆಯ ಯಂತ್ರ ತರಿಸಿದ್ದಳು. ನುಡಿಸಿದ್ದನ್ನು ಫ್ಲಾಪಿ ಡಿಸ್ಕಿಗೆ ಬರೆದುಕೊಂಡು, ಬೇಕೆಂದಾಗ ಅದೇ ಕೀಗಳನ್ನು ತಾನೇ ಒತ್ತುವ ಯಂತ್ರ. ಕೈ ಹೋದರೂ ತಾನು ನುಡಿಸಿದ್ದು ಮನೆಯಲ್ಲಿ ಉಳಿಯಲಿ ಎಂಬುದೊಂದೇ ಅವಳ ಆಸೆ.

ಒಂದು ವಾರದ ಕೆಲಸ ಮೂರು ವಾರ ಹಿಡಿಯಿತು. ಯಂತ್ರದಲ್ಲಿ ಕೀ ಒತ್ತುವ ಎಂಬತ್ತೆಂಟು ಆಯಸ್ಕಾಂತ, ಪಿಯಾನೊದಲ್ಲಿ ಎಂಬತ್ತೈದೇ ಕೀ ಎಂದು ಅವನು ನೆಪ ಹೇಳಿದ. ಮೂರು ಆಯಸ್ಕಾಂತ ಬಿಚ್ಚಲು ಎರಡು ವಾರ ಬೇಕೇ ಎಂದು ಅವಳು ಕೇಳಲಿಲ್ಲ, ಕಣ್ಣು ಮಾತ್ರ ಕೇಳಿತು. ಅವಳು ಹತ್ತಿರ ಬಂದು ನಿಂತರೆ ಅವನ ಕೈಯಿಂದ ಸ್ಕ್ರೂ ಜಾರುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡ. ಹುಚ್ಚು ಬಿಡಲಿಲ್ಲ.

ಕೊನೆಗೆ ಅವಳು ಕೂತು ನುಡಿಸಿದಳು. ಎಡಗೈಯ ಕಿರುಬೆರಳು ಹನ್ನೊಂದು ಕಡೆ ಕೀಯನ್ನು ಮುಟ್ಟಿತು, ಒತ್ತಲಾಗಲಿಲ್ಲ. ಅವನು ಒಂದೊಂದನ್ನೂ ಎಣಿಸಿದ. ಪರೀಕ್ಷೆ ಮಾಡಿ ತರುತ್ತೇನೆಂದು ಫ್ಲಾಪಿಯನ್ನು ಒಯ್ದವನು ಕಂಪ್ಯೂಟರಿನಲ್ಲಿ ಆ ಹನ್ನೊಂದು ಸ್ವರಗಳನ್ನೂ ತುಂಬಿದ. ಯಂತ್ರದ ಜೊತೆ ಬಂದವುಗಳಲ್ಲಿ ಸರಿಯಿದ್ದದ್ದು ಅದೊಂದೇ ಫ್ಲಾಪಿ. ಅದರ ಮೇಲೇ ಬರೆದ.

ನಾಲ್ಕು ದಿನ ಬಿಟ್ಟು ಬಂದು ಹಾಕಿದಾಗ ಕೀಗಳು ತಾವೇ ಕುಸಿದು ಎದ್ದವು, ಒಂದೂ ತಪ್ಪಲಿಲ್ಲ. ಅವಳ ಮುಖ ಅರಳುವುದನ್ನೇ ಅವನು ಕಾದ.

"ಇದು ಯಾರು?" ಎಂದಳು.

"ನೀವೇ."

"ಸುಳ್ಳು. ನನ್ನ ಕಿರುಬೆರಳು ಎರಡು ತಿಂಗಳಿಂದ ಒಂದು ಕೀನೂ ಒತ್ತಿಲ್ಲ. ನಾನು ನುಡಿಸಿದ್ದು ಹಾಕಿ."

"ಇಲ್ಲ. ಅಳಿಸಿಹೋಯ್ತು."

ಅವಳು ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಅವತ್ತು ಅಷ್ಟಾದರೂ ಇತ್ತು. ಇವತ್ತು ಲೋಟಾನೂ ಹಿಡಿಯಲ್ಲ. ಈ ಕೈ ಕೊನೇ ಸಲ ನುಡಿಸಿದ್ದು ಅದು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. "ಆ ತಪ್ಪು ಕೇಳಿ ನಿಮಗೆ ನೋವಾಗೋದು ಬೇಡ ಅನ್ನಿಸ್ತು. ನಿಮ್ಮನ್ನ ಕಂಡ್ರೆ ನನಗೆ... ನೀವಂದ್ರೆ ಇಷ್ಟ."

"ಗೊತ್ತು. ಅದಕ್ಕೇ ಇಷ್ಟು ಕೋಪ."

ಅವಳು ಎದ್ದು ಪಿಯಾನೊ ಮುಂದೆ ಕೂತಳು. ಬಲಗೈಯನ್ನು ಕೀಗಳ ಮೇಲಿಟ್ಟಳು.

"ರೆಕಾರ್ಡ್ ಹಾಕಿ."

"ಎಡಗಡೆ?"

"ಖಾಲಿ ಇರ್ಲಿ. ತುಂಬಿಸೋಕೆ ಹೋಗ್ಬೇಡಿ."

ಅರ್ಧ ಪಿಯಾನೊ ಸುಮ್ಮನಿತ್ತು, ಅರ್ಧ ಹಾಡಿತು. ಅವನು ಒಂದನ್ನೂ ಎಣಿಸದೆ ಕೇಳಿದ. ಮುಗಿದ ಮೇಲೆ ಫ್ಲಾಪಿಯನ್ನು ಹೊರತೆಗೆದು ಅವಳ ಕೈಗೇ ಕೊಟ್ಟು ಚೀಲ ಎತ್ತಿಕೊಂಡ.

"ನಾಳೆ ಬರ್ತೀರಾ?" ಎಂದಳು, ಅವನತ್ತ ತಿರುಗದೆ.

"ಕೆಲಸ ಮುಗೀತಲ್ಲ."

"ಮುಗೀತು. ಅದಕ್ಕೇ ಕೇಳ್ತಿದ್ದೀನಿ."